ಎಂಜಿನ್ ಇಳಿಸುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜು ಮುಗಿದು ರೈತನ ಕೈಗೆ ಒಂದಿಷ್ಟು ಹಣ ಬಂದಾಗ, ವರ್ಷವಿಡೀ ಮುಂದೂಡಿದ ಕೆಲಸಗಳೆಲ್ಲ ಒಮ್ಮೆಗೇ ಎದುರು ನಿಲ್ಲುತ್ತವೆ. ಹೊಗೆಯುಗುಳುತ್ತ ನಿಂತ ಹಳೆಯ ಜೀಪು ಅಥವಾ ಕಾರು ಅವುಗಳಲ್ಲೊಂದು. ‘ಎಂಜಿನ್ ಬೋರಿಗೆ ಬಂದಿದೆ’ ಎಂಬ ಮೆಕ್ಯಾನಿಕ್‌ನ ಒಂದೇ ಮಾತು ಮನೆಯಲ್ಲಿ ಚರ್ಚೆ ಹುಟ್ಟಿಸುತ್ತದೆ. ಇರುವ ಎಂಜಿನ್ನನ್ನೇ ಬಿಚ್ಚಿ ಸರಿಪಡಿಸಬೇಕೋ, ಬೇರೊಂದನ್ನು ತಂದು ಕೂರಿಸಬೇಕೋ? ಬಸ್ಸು ಬಾರದ ಕಾಡಂಚಿನ ಊರಿನಲ್ಲಿ ಅಪರಾತ್ರಿಯ ಹೆರಿಗೆಗೂ ಹಾವು ಕಚ್ಚಿದವರಿಗೂ ಆಸರೆಯಾಗುವುದು ಇಂಥ ವಾಹನವೇ. ಆದ್ದರಿಂದ ಇದು ಶೋಕಿಯ ಪ್ರಶ್ನೆಯಲ್ಲ. ಸಂಸಾರದ ಹಣ, ಊರಿನ ಗಾಳಿ, ಹಳ್ಳದ ನೀರು ಮೂರೂ ಇದರಲ್ಲಿ ಸೇರಿವೆ.

ಎಂಜಿನ್ ಬದಲಿಸುವ ರೂಢಿಗೆ ಒಂದು ಹಿನ್ನೆಲೆಯಿದೆ. ಡೀಸೆಲ್ ಬೆಲೆ ಪೆಟ್ರೋಲಿಗಿಂತ ಬಹಳ ಕಡಿಮೆಯಿದ್ದ ದಶಕಗಳಲ್ಲಿ ಪೆಟ್ರೋಲ್ ಜೀಪು ಮತ್ತು ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ಅನೇಕರು. ಆಗಿನ ಲೆಕ್ಕಕ್ಕೆ ಅದು ಸರಿಯೇ ಇತ್ತು. ಆದರೆ 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣವನ್ನು ಕೈಬಿಟ್ಟ ಮೇಲೆ ಆ ಅಂತರ ಮೊದಲಿನಷ್ಟು ಉಳಿದಿಲ್ಲ. ಅದಕ್ಕೂ ಮುಂಚೆ, 2012ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. ಲಾಭದ ಲೆಕ್ಕ ಹಳತಾದರೂ ರೂಢಿ ಮಾತ್ರ ಉಳಿದುಕೊಂಡಿದೆ.

ಎತ್ತಿನ ಗಾಡಿಯ ಕಾಲದಲ್ಲಿ ಚಕ್ರದ ಕಬ್ಬಿಣದ ಪಟ್ಟಿ ಸವೆದರೆ ಪಟ್ಟಿಯನ್ನು, ಅರ ಮುರಿದರೆ ಅರವನ್ನು ಬದಲಿಸುತ್ತಿದ್ದರು. ನಡುಭಾಗ ಗಟ್ಟಿಯಿರುವ ತನಕ ಚಕ್ರವನ್ನು ಯಾರೂ ಬಿಸುಡುತ್ತಿರಲಿಲ್ಲ. ಎಂಜಿನ್ನಿಗೂ ಈ ವಿವೇಕವೇ ಸಲ್ಲುತ್ತದೆ. ಅದರ ನಡುಭಾಗವೆಂದರೆ ಬ್ಲಾಕ್ ಮತ್ತು ಕ್ರ್ಯಾಂಕ್. ಇವೆರಡು ಸರಿಯಿದ್ದರೆ ಉಳಿದುದೆಲ್ಲ ಬದಲಿಸಬಹುದಾದ ಪಟ್ಟಿ ಮತ್ತು ಅರಗಳೇ.

ಆದ್ದರಿಂದ ಎಂಜಿನ್ ಇಳಿಸುವ ಮೊದಲು ಪರೀಕ್ಷೆ ಆಗಬೇಕು. ಹೊಗೆಯ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆಗೆ ಬಹಳ ಸಲ ನಾಜಲ್, ಪಂಪ್ ಅಥವಾ ಕಟ್ಟಿಕೊಂಡ ಏರ್ ಫಿಲ್ಟರ್ ಕಾರಣ. ಅದಕ್ಕಾಗಿ ಎಂಜಿನ್ ಬಿಚ್ಚಬೇಕಾಗಿಯೇ ಇಲ್ಲ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಬಳಿಕ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗು, ಬೋರು ಸವೆದಿವೆ. ಏರದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಕಾದ ಎಂಜಿನ್ನಿನ ಆಯಿಲ್ ಒತ್ತಡ ಬೇರಿಂಗುಗಳ ಸ್ಥಿತಿಯನ್ನು ತಿಳಿಸುತ್ತದೆ. ಅರ್ಧ ದಿನದ ಈ ಪರೀಕ್ಷೆ ಅನೇಕ ಸಾವಿರ ರೂಪಾಯಿಗಳ ವ್ಯರ್ಥ ಖರ್ಚನ್ನು ತಪ್ಪಿಸಬಲ್ಲದು.

ಬೋರು ಸವೆದಿದೆಯೆಂದು ಖಚಿತವಾದರೆ ಕೆಲಸವನ್ನು ಪೂರ್ಣವಾಗಿ ಮಾಡಿಸಬೇಕು. ಅಂಡಾಕಾರಕ್ಕೆ ತಿರುಗಿದ ಬೋರಿಗೆ ಹೊಸ ರಿಂಗು ಮಾತ್ರ ಹಾಕಿ ಕೊಡುವ ಅಗ್ಗದ ದಾರಿ ಬೇಗನೆ ನೀಲಿ ಹೊಗೆಗೇ ಮರಳುತ್ತದೆ. ಸಿಲಿಂಡರನ್ನು ಮುಂದಿನ ಅಳತೆಗೆ ಬೋರ್ ಮಾಡಿಸುವುದು ಅಥವಾ ಸ್ಲೀವ್ ಹಾಕಿಸುವುದು, ಕ್ರ್ಯಾಂಕನ್ನು ಅಳೆದು ಅಗತ್ಯವಿದ್ದರೆ ಗ್ರೈಂಡ್ ಮಾಡಿಸುವುದು, ವಾಲ್ವ್ ಕೂರಿಸುವುದು, ಪಂಪ್ ಮತ್ತು ನಾಜಲ್‌ಗಳ ಅಳತೆ ಸರಿಪಡಿಸುವುದು ಎಲ್ಲವೂ ಒಟ್ಟಿಗೆ ನಡೆಯಬೇಕು. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಅಥವಾ ಕ್ರ್ಯಾಂಕ್ ಕೊನೆಯ ಅಳತೆಯನ್ನೂ ಮೀರಿ ಸವೆದು ಬದಲಿ ಸಿಗದಿದ್ದರೆ, ಆಗ ಮಾತ್ರ ಬದಲಿ ಎಂಜಿನ್ನಿನ ಮಾತು.

ಬದಲಿಯ ದಾರಿ ತೋರುವಷ್ಟು ಸುಲಭವಲ್ಲ. ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ ಅನಧಿಕೃತ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹಾಕಿಸುವವರು ಕೂಡ ಮೊದಲೇ ವಿಚಾರಿಸಿ, ಖರೀದಿಯ ರಸೀದಿಯೊಂದಿಗೆ ಹೊಸ ಎಂಜಿನ್ ಸಂಖ್ಯೆಯನ್ನು ಆರ್.ಸಿ.ಯಲ್ಲಿ ಬರೆಸಬೇಕು. ಈ ನಾಲ್ಕೂ ತಾಲ್ಲೂಕುಗಳಿಗೆ ಕೆಎ-45 ಸಂಖ್ಯೆ ನೀಡುವ ಹುಣಸೂರಿನ ಸಾರಿಗೆ ಕಚೇರಿಯೇ ಇದಕ್ಕೆ ತಾಣ. ಗುಜರಿಯಿಂದ ರಸೀದಿಯಿಲ್ಲದೆ ತಂದ ಎಂಜಿನ್ ಕದ್ದ ವಾಹನದ್ದಾಗಿದ್ದರೆ ತೊಂದರೆ ಕೊಂಡವನ ಮನೆಬಾಗಿಲಿಗೇ ಬರುತ್ತದೆ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು.

‘ಹೊಸ ಕಾಲದ ಎಂಜಿನ್ ಹಾಕಿದರೆ ಹೊಗೆ ಕಡಿಮೆ’ ಎಂಬ ವಾದವನ್ನೂ ಪರಿಶೀಲಿಸಬೇಕು. ಹೊಸ ಎಂಜಿನ್ ಶುದ್ಧವಾಗಿರುವುದು ಅದರ ಕಂಪ್ಯೂಟರ್, ಸೆನ್ಸರ್ ಮತ್ತು ಹೊಗೆ ಸಂಸ್ಕರಿಸುವ ಭಾಗಗಳಿಂದ. ಹಳೆಯ ಜೀಪಿಗೆ ಕೂರಿಸುವಾಗ ಇವುಗಳನ್ನೇ ಕೈಬಿಟ್ಟರೆ ಉಳಿಯುವುದು ಹೆಚ್ಚಿದ ಶಕ್ತಿ ಮಾತ್ರ. ಆ ಶಕ್ತಿಗೆ ತಕ್ಕ ಬ್ರೇಕು ಹಳೆಯ ವಾಹನದಲ್ಲಿಲ್ಲ. ಘಟ್ಟ ಇಳಿಯುವಾಗ ಇದರ ಅರ್ಥವೇನೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.

ಹಾಗೆಂದು ದುರಸ್ತಿಯಾದ ಹಳೆಯ ಎಂಜಿನ್ ನಿರ್ದೋಷಿಯಲ್ಲ. 2010ರಲ್ಲಿ ದೇಶವ್ಯಾಪಿಯಾದ ಬಿಎಸ್-3 ಮಾನದಂಡ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.05 ಗ್ರಾಂ ಮಸಿಕಣಗಳ ಮಿತಿ ಹಾಕಿತ್ತು. 2020ರ ಬಿಎಸ್-6ರಲ್ಲಿ ಅದು 0.0045 ಗ್ರಾಂ. ಇಲ್ಲಿ ನಿರ್ಣಾಯಕವಾಗುವುದು ವಾಹನ ವರ್ಷಕ್ಕೆ ಎಷ್ಟು ಓಡುತ್ತದೆ ಎಂಬುದು. ಲೀಟರಿಗೆ 10 ಕಿ.ಮೀ. ಕೊಡುವ ಜೀಪಿನ ಬದಲು 14 ಕಿ.ಮೀ. ಕೊಡುವ ಹೊಸ ವಾಹನ ಕೊಂಡರೆ, ವರ್ಷಕ್ಕೆ 6,000 ಕಿ.ಮೀ. ಓಡಿಸುವವನಿಗೆ ಉಳಿಯುವುದು ಸುಮಾರು 170 ಲೀಟರ್ ಡೀಸೆಲ್, ಗಾಳಿಗೆ ಉಳಿಯುವುದು ಸುಮಾರು 460 ಕಿಲೋ ಇಂಗಾಲದ ಡೈಆಕ್ಸೈಡ್. ಹೊಸ ವಾಹನದ ತಯಾರಿಕೆಯೇ ಹಲವು ಟನ್ ಹೊರಸೂಸುವುದರಿಂದ ಈ ಉಳಿತಾಯ ಅದನ್ನು ಸರಿದೂಗಿಸಲು ವರ್ಷಗಳೇ ಬೇಕು. ಅದಕ್ಕೆ ಬೇಕಾದ ಅದಿರೂ ಯಾವುದೋ ಬೆಟ್ಟವನ್ನು ಅಗೆದೇ ಬರಬೇಕು. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖವನ್ನು ಕಂಡವರಿಗೆ ಆ ಬೆಲೆ ಗೊತ್ತಿದೆ. ಆದರೆ ದಿನವೂ ಶಾಲಾ ಮಕ್ಕಳನ್ನು, ಪ್ರಯಾಣಿಕರನ್ನು ಹೊತ್ತು 25,000 ಕಿ.ಮೀ. ಓಡುವ ವಾಹನಕ್ಕೆ ಉಳಿತಾಯ ಸುಮಾರು 710 ಲೀಟರ್. ಮಸಿಯೂ ಜನರ ನಡುವೆಯೇ ಬೀಳುತ್ತದೆ. ಅಂಥ ವಾಹನಕ್ಕೆ ದುರಸ್ತಿಯೂ ಬೇಡ, ಬದಲಿಯೂ ಬೇಡ. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ವಿದಾಯ ಹೇಳುವುದೇ ಸರಿ. 15 ವರ್ಷವಾದ ಖಾಸಗಿ ವಾಹನವನ್ನೆಲ್ಲ ಗುಜರಿಗೆ ಹಾಕಲೇಬೇಕೆಂಬ ವದಂತಿ ಮಾತ್ರ ಕರ್ನಾಟಕದ ಮಟ್ಟಿಗೆ ನಿಜವಲ್ಲ. ತಪಾಸಣೆಯಲ್ಲಿ ಯೋಗ್ಯವೆಂದು ಕಂಡರೆ ಶುಲ್ಕ ಕಟ್ಟಿ ಐದು ವರ್ಷಕ್ಕೆ ನವೀಕರಿಸಬಹುದು.

ಕೊನೆಯದಾಗಿ, ಎಂಜಿನ್ ಬಿಚ್ಚಿದಾಗ ಹೊರಬರುವ ಕಪ್ಪು ಆಯಿಲ್. ಗೆದ್ದಲು ತಡೆಯಲೆಂದು ಅದನ್ನು ಬೇಲಿಗೂಟಕ್ಕೆ ಬಳಿಯುವ, ಗ್ಯಾರೇಜಿನ ಹಿಂದಿನ ಚರಂಡಿಗೆ ಸುರಿಯುವ ಅಭ್ಯಾಸ ನಿಲ್ಲಬೇಕು. ಅದರಲ್ಲಿರುವ ಭಾರಲೋಹಗಳು ಮಳೆಯೊಡನೆ ಮಣ್ಣಿಗೆ, ಅಲ್ಲಿಂದ ಲಕ್ಷ್ಮಣತೀರ್ಥಕ್ಕೆ, ಕಪಿಲೆಗೆ, ಕಾವೇರಿಗೆ ಸೇರುತ್ತವೆ. 2016ರ ನಿಯಮಗಳಂತೆ ಅದು ಅಪಾಯಕಾರಿ ತ್ಯಾಜ್ಯ. ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಪ್ರತಿ ಪಟ್ಟಣದ ಗ್ಯಾರೇಜುಗಳವರು ಕೂಡಿ ಒಂದು ಪೀಪಾಯಿ ಇಟ್ಟರೆ ಸಾಕು, ಕೆಲಸ ಆರಂಭವಾಗುತ್ತದೆ. ವಿದ್ಯಾರ್ಥಿಗಳು ತಮ್ಮ ಮನೆಯ ವಾಹನದ ಓಟ ಮತ್ತು ಇಂಧನದ ಲೆಕ್ಕವನ್ನು ಒಂದು ವರ್ಷ ಬರೆದಿಡಲಿ. ಮುಂದಿನ ಹರಾಜಿನ ಹಣ ಬಂದಾಗ ಮೆಕ್ಯಾನಿಕ್‌ನ ಮಾತಿನ ಜೊತೆಗೆ ಆ ಪುಸ್ತಕವೂ ಮನೆಯವರ ಮುಂದಿರಲಿ.