ಬಾಡಿಗೆ ಬಾಕಿ ಬಿದ್ದಾಗ

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಬಿದ್ದ ಗೋಡೆಗಳನ್ನು ಎಲ್ಲರೂ ಕಂಡರು. ಆದರೆ ಕೂಲಿ ನಿಂತು ಬಾಡಿಗೆ ಬಾಕಿ ಉಳಿದವರ ಚಿಂತೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಕಸಬೆ ಡಿಗ್ರಜದಂಥ ನದೀತೀರದ ಊರಿನಲ್ಲಾಗಲಿ, ಸಾಂಗಲಿ, ಮಿರಜದ ಓಣಿಗಳಲ್ಲಾಗಲಿ ಬಾಡಿಗೆದಾರರು ಇಂಥ ಹೊತ್ತಿನಲ್ಲಿ ಮಾಡುವ ಮೊದಲ ಕೆಲಸವೆಂದರೆ ಮಾಲಕರ ಕಣ್ಣು ತಪ್ಪಿಸಿ ಓಡಾಡುವುದು. ಇದು ತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ. ಬಾಕಿಗಿಂತ ಮೌನವೇ ಮಾಲಕರ ಸಿಟ್ಟನ್ನು ಹೆಚ್ಚಿಸುತ್ತದೆ. ಅವರಲ್ಲಿಯೂ ಬಾಡಿಗೆಯೊಂದನ್ನೇ ನಂಬಿ ಬದುಕುವ ವೃದ್ಧರಿರುತ್ತಾರೆ. ತಿಂಗಳು ತುಂಬುವ ಮೊದಲೇ ಹೋಗಿ, ಇದ್ದಷ್ಟು ಕೊಟ್ಟು, ಉಳಿದದ್ದಕ್ಕೆ ವಾಯಿದೆ ಕೇಳಿ ಅದನ್ನು ಕಾಗದದ ಮೇಲೆ ಬರೆದಿಡಬೇಕು. ನೂರು ರೂಪಾಯಿ ಕೊಟ್ಟರೂ ಪಾವತಿ ಪಡೆಯಬೇಕು.

ಎರಡನೆಯ ಕೆಲಸ ಇನ್ನೂ ಕೆಟ್ಟದ್ದು: ಸಾವಕಾರನ ಕಡೆಗೆ ಓಡುವುದು. ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿರಿ. ತಿಂಗಳಿಗೆ 3,000 ರೂಪಾಯಿಯಂತೆ ಮೂರು ತಿಂಗಳ ಬಾಕಿ 9,000 ರೂಪಾಯಿ. ಇದನ್ನು ತಿಂಗಳಿಗೆ ನೂರಕ್ಕೆ ಐದರಂತೆ ಸಾಲ ತಂದರೆ ವರ್ಷದ ಬಡ್ಡಿಯೇ 5,400 ರೂಪಾಯಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 ಬಾಕಿಯ ಮೇಲೆ ಹೇಳುವ ಬಡ್ಡಿ ವರ್ಷಕ್ಕೆ ನೂರಕ್ಕೆ ಹದಿನೈದು, ಅದೂ ಸರಳಬಡ್ಡಿ. ಅಂದರೆ 1,350 ರೂಪಾಯಿ!

ಈ ಕಾಯ್ದೆಯ 15ನೆಯ ಕಲಮನ್ನು ಪಾಲಕರು ತಿಳಿದಿರಬೇಕು. ಬಾಕಿಗಾಗಿ ಮನೆ ಬಿಡಿಸಬೇಕಾದರೆ ಮಾಲಕರು ಮೊದಲು ಲಿಖಿತ ನೋಟೀಸು ಕೊಟ್ಟು, ಅನಂತರ 90 ದಿನ ಕಾಯಬೇಕು. ದಾವೆ ಹೂಡಿದ ಮೇಲೂ, ಸಮನ್ಸು ಮುಟ್ಟಿದ 90 ದಿನಗಳೊಳಗೆ ಬಾಕಿ, ಬಡ್ಡಿ ಹಾಗೂ ದಾವೆಯ ಖರ್ಚನ್ನು ಕಟ್ಟಿ, ಮುಂದಿನ ಬಾಡಿಗೆಯನ್ನು ತಪ್ಪದೆ ಕೊಡುತ್ತ ಹೋದರೆ ಬಾಕಿಯ ಕಾರಣಕ್ಕೆ ಮನೆ ಬಿಡಿಸಲಾಗದು. ನೀರು, ದೀಪ ಕಡಿದು ಹೊರಹಾಕುವುದನ್ನೂ ಕಾಯ್ದೆ ಒಪ್ಪುವುದಿಲ್ಲ. ಆದರೆ ಇದು ಎಲ್ಲ ಹಳ್ಳಿಗಳಿಗೂ ಅನ್ವಯಿಸದು. ಅನುಸೂಚಿಯಲ್ಲಿ ಸೇರಿದ ಊರುಗಳಿಗೆ ಮಾತ್ರ. ಈಗ ರೂಢಿಯಲ್ಲಿರುವ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸನ್ಸ್’ ಕರಾರಿನವರಿಗೂ ಈ ರಕ್ಷಣೆಯಿಲ್ಲ. ಮುದ್ದತು ಮುಗಿದರೆ ಅವರು ಮನೆ ಬಿಡಲೇಬೇಕು. ಆದ್ದರಿಂದ ಸಹಿ ಮಾಡುವಾಗಲೇ ಕರಾರನ್ನು ಓದಿಸಿಕೊಳ್ಳಬೇಕು.

ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಬಾಡಿಗೆ ವಸೂಲಿಯನ್ನು ಮೂರು ತಿಂಗಳಾದರೂ ಮುಂದೂಡಿರೆಂದು ಮಹಾರಾಷ್ಟ್ರ ಸರಕಾರ ಮಾಲಕರಿಗೆ ಸೂಚಿಸಿತ್ತು. ಮುಂದೂಡಿತೇ ಹೊರತು ಮನ್ನಾ ಮಾಡಲಿಲ್ಲ. ಈ ಎರಡು ಮಾತುಗಳ ಅಂತರ ತಿಳಿಯದೆ ಎಷ್ಟೋ ಮನೆಗಳಲ್ಲಿ ಜಗಳವಾಗುವುದುಂಟು.

ನೋಟೀಸು ಬಂದರೆ ಅದು ಸಾಮಾನ್ಯವಾಗಿ ಮರಾಠಿಯಲ್ಲೋ ಇಂಗ್ಲೀಷಿನಲ್ಲೋ ಇರುತ್ತದೆ. ಕನ್ನಡವಷ್ಟೇ ಓದಬಲ್ಲ ತಾಯಿತಂದೆ ಅದನ್ನು ಗೂಡಿನಲ್ಲಿ ಇಟ್ಟುಬಿಡುತ್ತಾರೆ, ಇಲ್ಲವೆ ಅಂಚೆಯವನಿಗೆ ಬೇಡವೆಂದು ಮರಳಿಸುತ್ತಾರೆ. ರಿಜಿಸ್ಟರ್ ಅಂಚೆಯನ್ನು ನಿರಾಕರಿಸಿದರೂ ಅದು ಮುಟ್ಟಿತೆಂದೇ ನ್ಯಾಯಾಲಯ ಸಾಮಾನ್ಯವಾಗಿ ಭಾವಿಸುತ್ತದೆ. ಮರಾಠಿ ಕಲಿತ ಮಕ್ಕಳು ಅದನ್ನು ಬಿಡಿಸಿ ಓದಿ, ತಾರೀಖನ್ನು ಗುರುತು ಹಾಕಿಕೊಡಲಿ. ಆಮೇಲೆ ಸಾಂಗಲಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯಂತೆ ಸ್ತ್ರೀಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ, ಮಹಾಪೂರದಲ್ಲಿ ನೊಂದವರಿಗೂ ಅಲ್ಲಿ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಹೋಗುವಾಗ ಪಾವತಿಗಳನ್ನೂ ಕರಾರುಪತ್ರವನ್ನೂ ಒಯ್ಯಬೇಕು.