ಹೋಬಳಿ ಮಟ್ಟದಲ್ಲಿ ಹಳೆಯ ಗಣಕಯಂತ್ರಗಳು: ದಾನವೋ, ವಿಲೇವಾರಿಯೋ?

ಹಿನ್ನೆಲೆ

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಿಂಗಟಗೆರೆಯಂತಹ ಊರುಗಳಿಗೆ ಗಣಕೀಕೃತ ಸೇವೆಗಳು ಹೊಸತಲ್ಲ. ‘ಭೂಮಿ’ ಯೋಜನೆಯಡಿ ತಾಲ್ಲೂಕು ಕೇಂದ್ರಗಳಲ್ಲಿ ಪಹಣಿ ವಿತರಣೆ ಗಣಕೀಕರಣಗೊಂಡ ನಂತರ, 2006ರಲ್ಲಿ ಆರಂಭವಾದ ‘ನೆಮ್ಮದಿ’ ಯೋಜನೆಯು ಇಂತಹ ಸೇವೆಗಳನ್ನು ಹೋಬಳಿ ಮಟ್ಟಕ್ಕೆ ತಂದಿತು. 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಅವುಗಳನ್ನು ಮುಂದುವರಿಸಿವೆ. ಶಾಲೆ, ಸಹಕಾರ ಸಂಘ, ಅಂಗಡಿ ಹಾಗೂ ಮನೆಗಳಿಗೂ ಗಣಕಯಂತ್ರಗಳು ಬಂದಿವೆ. ಆದರೆ ಬಳಕೆ ಮುಗಿದ ಯಂತ್ರವನ್ನು ಸೂಕ್ತ ಸ್ಥಳಕ್ಕೆ ತಲುಪಿಸುವ ವ್ಯವಸ್ಥೆಯು ಅದೇ ವೇಗದಲ್ಲಿ ಬೆಳೆದಿಲ್ಲ.

ಪ್ರಸ್ತುತ ಸ್ಥಿತಿ

ವಿಂಡೋಸ್ 10 ತಂತ್ರಾಂಶಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೊಸ ಆವೃತ್ತಿಗೆ ಹೊಂದದ ಅನೇಕ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಮೂಲೆ ಸೇರುವ ಸಂಭವವಿದೆ. ವಿಶ್ವಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಗಿದ್ದು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇ. 22.3 ಮಾತ್ರ.

ನಿಯಮಗಳು ಮತ್ತು ಅವುಗಳ ಮಿತಿ

ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಪ್ರಸ್ತುತ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುತ್ತವೆ. ಇವುಗಳಂತೆ, ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ 1,000 ಸಾಧನಗಳನ್ನು ಬಳಸಿದ ಸಂಸ್ಥೆಯು ‘ಸಗಟು ಬಳಕೆದಾರ’ ಎನಿಸುತ್ತದೆ. ಅದು ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಘಟಕಗಳಿಗೇ ಒಪ್ಪಿಸತಕ್ಕದ್ದು. ಗ್ರಾಮದ ಶಾಲೆಯಾಗಲಿ, ಸಹಕಾರ ಸಂಘವಾಗಲಿ ಈ ಸಂಖ್ಯೆಯನ್ನು ತಲುಪುವುದು ಅಸಂಭವ. ಹೀಗಾಗಿ ಅಲ್ಲಿನ ಹಳೆಯ ಯಂತ್ರದ ಗತಿಯು ಬಹುಪಾಲು ಮಾಲೀಕರ ವಿವೇಚನೆಯನ್ನೇ ಅವಲಂಬಿಸಿದೆ. ಒಂದೆರಡು ಯಂತ್ರಗಳಿಗಾಗಿ ದೂರದ ಘಟಕದ ವಾಹನ ಬರುವುದು ಲಾಭದಾಯಕವಲ್ಲ. ಗುಜರಿ ವ್ಯಾಪಾರಿಯಾದರೋ ಮನೆಬಾಗಿಲಿಗೇ ಬರುತ್ತಾನೆ. ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟಾಗ ಡಯಾಕ್ಸಿನ್‌ನಂತಹ ವಿಷವಸ್ತುಗಳು ಹೊರಬರುತ್ತವೆ. ಹಳೆಯ ಕೊಳವೆ ಮಾದರಿಯ ಪರದೆಯ ಗಾಜಿನಲ್ಲಿ ಸೀಸವಿರುತ್ತದೆ. ಇದರ ಹಾನಿಯನ್ನು ಮೊದಲು ಅನುಭವಿಸುವವರು ಆ ಕೆಲಸ ಮಾಡುವ ಬಡ ಕಾರ್ಮಿಕರೇ ಆಗಿರುತ್ತಾರೆ.

ದಾನ ಮಾಡುವ ಮುನ್ನ

1. ಚಾಲನೆಯಲ್ಲಿರುವ, ದುರಸ್ತಿಗೆ ಯೋಗ್ಯವಾದ ಯಂತ್ರವನ್ನು ಮಾತ್ರ ದಾನ ಮಾಡುವುದು. ಕೆಟ್ಟ ಯಂತ್ರವನ್ನು ಶಾಲೆಗೆ ನೀಡಿದಲ್ಲಿ ವಿಲೇವಾರಿಯ ಹೊರೆಯನ್ನು ಶಾಲೆಗೆ ವರ್ಗಾಯಿಸಿದಂತಾಗುತ್ತದೆ.
2. ಪಡೆಯುವ ಸಂಸ್ಥೆಗೆ ಅದರ ಅಗತ್ಯವಿದೆಯೇ, ನಿರ್ವಹಣೆಗೆ ಅನುಕೂಲವಿದೆಯೇ ಎಂದು ಮೊದಲೇ ವಿಚಾರಿಸುವುದು. ಲಿನಕ್ಸ್‌ನಂತಹ ಉಚಿತ ತಂತ್ರಾಂಶದಿಂದ ಹಳೆಯ ಯಂತ್ರವನ್ನು ಇನ್ನಷ್ಟು ಕಾಲ ಬಳಸಬಹುದಾಗಿದೆ.
3. ಕಡತಗಳನ್ನು ಅಳಿಸಿದ ಮಾತ್ರಕ್ಕೆ ಮಾಹಿತಿ ನಾಶವಾಗುವುದಿಲ್ಲ. ಹಾರ್ಡ್ ಡಿಸ್ಕ್ ಅನ್ನು ತಕ್ಕ ತಂತ್ರಾಂಶದಿಂದ ಪೂರ್ಣವಾಗಿ ಅಳಿಸುವುದು ಅಥವಾ ತೆಗೆದಿರಿಸುವುದು.
4. ಸರ್ಕಾರಿ ಸ್ವತ್ತಾದ ಯಂತ್ರಗಳನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಸಕ್ಷಮ ಪ್ರಾಧಿಕಾರದ ಅನುಮೋದನೆ ಪಡೆದ ನಂತರವೇ ವಿಲೇವಾರಿ ಮಾಡುವುದು.

ಮುಂದಿನ ದಾರಿ

ಇ-ತ್ಯಾಜ್ಯದ ಸಂಸ್ಕರಣೆಯು ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಘಟಕವು 2005ರಲ್ಲೇ ಕಾರ್ಯಾರಂಭ ಮಾಡಿತು. ಕಡೂರಿನಿಂದ ಅರಸೀಕೆರೆ, ತುಮಕೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ದಾಬಸ್‌ಪೇಟೆ ಇದೆ. ಕೊರತೆಯಿರುವುದು ದಾರಿಯದಲ್ಲ, ಒಟ್ಟುಗೂಡಿಸುವಿಕೆಯದು. ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಹಳೆಯ ಯಂತ್ರಗಳನ್ನು ಸಂಗ್ರಹಿಸಿ, ತಾಲ್ಲೂಕು ಕೇಂದ್ರದಿಂದ ಒಂದೇ ಬಾರಿಗೆ ನೋಂದಾಯಿತ ಘಟಕಕ್ಕೆ ಕಳುಹಿಸಿದಲ್ಲಿ ಸಾಗಣೆ ವೆಚ್ಚವು ಹಂಚಿಹೋಗುತ್ತದೆ. ಅಲ್ಲಿಯವರೆಗೆ ಕೆಟ್ಟ ಯಂತ್ರಗಳನ್ನು ಬಿಚ್ಚದೆ, ಸುಡದೆ, ಕೆರೆಯಂಗಳಕ್ಕೆ ಎಸೆಯದೆ ಒಣ ಸ್ಥಳದಲ್ಲಿ ಇರಿಸುವುದು ಸೂಕ್ತ.