ರೋಬೋಟ್ ಶಸ್ತ್ರಚಿಕಿತ್ಸೆ: ಮೊದಲ ಪಾಠ ಯಾರ ಮೇಲೆ?

ಮಂಡ್ಯ: ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಶ್ರೀರಂಗಪಟ್ಟಣ, ಪಾಂಡವಪುರದ ರೋಗಿಗಳು ಮೈಸೂರಿನ ಕೆ.ಆರ್. ಆಸ್ಪತ್ರೆಯತ್ತ ಮುಖ ಮಾಡುತ್ತಾರೆ. ನಾಗಮಂಗಲ, ಕೆ.ಆರ್. ಪೇಟೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಜಿಲ್ಲಾ ಕೇಂದ್ರದಲ್ಲಿ ಮಿಮ್ಸ್ ಇದೆ. ಮೂರೂ ಬೋಧನಾ ಆಸ್ಪತ್ರೆಗಳು. ಅರ್ಥಾತ್, ಇಲ್ಲಿ ದಾಖಲಾಗುವ ರೈತ, ಕೂಲಿಕಾರರ ದೇಹವೇ ಕಲಿಯುವ ವೈದ್ಯರಿಗೆ ಪಾಠಶಾಲೆಯೂ ಹೌದು. ಶಸ್ತ್ರಚಿಕಿತ್ಸಾ ಕೊಠಡಿಗೆ ರೋಬೋಟ್ ಕಾಲಿಡುತ್ತಿರುವ ಈ ಹೊತ್ತಿನಲ್ಲಿ ಈ ಸಂಗತಿಗೆ ಹೊಸ ಮಹತ್ವ ಬಂದಿದೆ.

ಅಮೆರಿಕದಲ್ಲಿ 'ಡಾ ವಿಂಚಿ' ಯಂತ್ರಕ್ಕೆ ಅನುಮತಿ ದೊರೆತದ್ದು 2000ರಲ್ಲಿ. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕ್‌ನಲ್ಲಿ ಕುಳಿತ ಫ್ರೆಂಚ್ ವೈದ್ಯ ಜಾಕ್ ಮಾರೆಸ್ಕೋ, ಬೇರೊಂದು ರೋಬೋಟ್ ಮೂಲಕ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶ ತೆಗೆದರು. ಈಗ ಭಾರತದಲ್ಲೇ ತಯಾರಾದ 'ಮಂತ್ರ' ಯಂತ್ರವೂ ಬಳಕೆಯಲ್ಲಿದೆ.

ಕಲಿಕೆಯ ತೊಡಕು ಇರುವುದು ಇಲ್ಲಿಯೇ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಗುರುವು ಎದುರು ನಿಂತು ಶಿಷ್ಯನ ಕೈ ಹಿಡಿದು ತಿದ್ದಬಲ್ಲರು. ರೋಬೋಟ್‌ನಲ್ಲಾದರೆ ವೈದ್ಯರು ಹಾಸಿಗೆಯಿಂದ ದೂರ ಕುಳಿತು ಸಾಧನಗಳನ್ನು ನಡೆಸುತ್ತಾರೆ. ಹಳೆಯ ಯಂತ್ರಗಳಲ್ಲಿ ಸ್ಪರ್ಶದ ಅರಿವೂ ಇಲ್ಲ. ಹೊಲಿಗೆಯ ದಾರ ಎಷ್ಟು ಬಿಗಿಯಾಯಿತೆಂಬುದನ್ನು ಕಣ್ಣಿನಿಂದಲೇ ಅಳೆಯಬೇಕು.

ಇದಕ್ಕೆ ಪರಿಹಾರವಾಗಿ ಬಂದದ್ದೇ ಸಿಮ್ಯುಲೇಟರ್, ಅಂದರೆ ಅನುಕರಣ ಯಂತ್ರ. ಪರದೆಯ ಮೇಲಿನ ಉಂಗುರ ಸಾಗಿಸುವುದು, ಸೂಜಿ ಚುಚ್ಚುವುದು ಇದರ ಅಭ್ಯಾಸಗಳು. ತೆಗೆದುಕೊಂಡ ಸಮಯ, ಸಾಧನಗಳ ಪರಸ್ಪರ ಡಿಕ್ಕಿ, ಕೈಯ ಅನಗತ್ಯ ಚಲನೆ ಎಲ್ಲಕ್ಕೂ ಯಂತ್ರವೇ ಅಂಕ ನೀಡುತ್ತದೆ.

ಇದು ಆಟಿಕೆಯಲ್ಲ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2002ರಲ್ಲಿ 16 ಮಂದಿ ತರಬೇತಿ ವೈದ್ಯರ ಅಧ್ಯಯನ ಪ್ರಕಟಿಸಿತು. ಸಿಮ್ಯುಲೇಟರ್‌ನಲ್ಲಿ ಕಲಿತವರು ಲ್ಯಾಪರೊಸ್ಕೋಪಿ ಮೂಲಕ ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ 29ರಷ್ಟು ವೇಗವಾಗಿ ಮುಗಿಸಿದರು. ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಪಕ್ಕದ ಅಂಗಾಂಶ ಸುಡುವ ಸಾಧ್ಯತೆ ಉಳಿದವರಲ್ಲಿ ಐದು ಪಟ್ಟು ಹೆಚ್ಚಿತ್ತು.

ಹಾಗೆಂದು ಯಂತ್ರವೇ ಸರ್ವಸ್ವವಲ್ಲ. ಹಠಾತ್ ರಕ್ತಸ್ರಾವವಾದಾಗ ರೋಬೋಟ್ ಬದಿಗಿಟ್ಟು ಹೊಟ್ಟೆ ತೆರೆಯಬೇಕೇ ಎಂಬ ವಿವೇಕ ಹಿರಿಯರ ಒಡನಾಟದಲ್ಲೇ ಬರಬೇಕು.

ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯ ಇರಬೇಕೆಂದು 2019ರ ನಿಯಮಗಳೇ ಹೇಳಿವೆ. ಪ್ರತಿ ಕಾಲೇಜಿಗೂ ಕೋಟ್ಯಂತರ ರೂಪಾಯಿಯ ರೋಬೋಟ್ ಕೊಳ್ಳುವುದು ದೂರದ ಮಾತು. ಆದರೆ ಮೈಸೂರು, ಮಂಡ್ಯ, ಬೆಳ್ಳೂರಿನ ಸಂಸ್ಥೆಗಳು ಒಂದೇ ಸಿಮ್ಯುಲೇಟರ್ ಕೇಂದ್ರವನ್ನು ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ಅಲ್ಲಿ ತೇರ್ಗಡೆಯಾದವರಿಗಷ್ಟೇ ರೋಗಿಯ ಮೇಲೆ ಕೈಯಿಡಲು ಅವಕಾಶ ಎಂಬ ಕಟ್ಟುನಿಟ್ಟೂ ಬೇಕು. ಹಣವುಳ್ಳವರು ಅನುಭವಿ ವೈದ್ಯರನ್ನು ಆಯ್ದುಕೊಳ್ಳಬಲ್ಲರು. ತಾಲ್ಲೂಕಿನಿಂದ ಬಸ್ಸು ಹತ್ತಿ ಬರುವ ಬಡವರಿಗೆ ಆ ಆಯ್ಕೆಯಿಲ್ಲ. ಅವರಿಗಿರುವ ರಕ್ಷಣೆ ಈ ನಿಯಮವೊಂದೇ.